ಜಾಗ ಉಳಿಸಬೇಕೇ? ಗುಣಮಟ್ಟಕ್ಕೆ ಕೈ ಹಾಕಬೇಡಿ

ಡಿಜಿಟಲ್ ಕ್ಯಾಮೆರಾದ ಮೆನುವಿನಲ್ಲಿ ಎರಡು ಆಯ್ಕೆಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಲಾರ್ಜ್, ಮೀಡಿಯಂ, ಸ್ಮಾಲ್ ಎಂಬುದು ಗಾತ್ರ. ಅಂದರೆ ಚಿತ್ರದಲ್ಲಿ ಎಷ್ಟು ಚುಕ್ಕೆಗಳಿರಬೇಕು ಎಂಬ ಲೆಕ್ಕ. ಫೈನ್, ನಾರ್ಮಲ್, ಬೇಸಿಕ್ ಎಂಬುದು ಗುಣಮಟ್ಟ. ಆ ಚುಕ್ಕೆಗಳ ಮಾಹಿತಿಯಲ್ಲಿ ಎಷ್ಟನ್ನು ಕೈಬಿಡಬಹುದು ಎಂಬ ತೀರ್ಮಾನ. ಕಾರ್ಡಿನಲ್ಲಿ ಜಾಗ ಸಾಲದಿದ್ದರೆ ಬಹಳ ಮಂದಿ ಗಾತ್ರವನ್ನು ಲಾರ್ಜ್‌ನಲ್ಲೇ ಬಿಟ್ಟು ಗುಣಮಟ್ಟವನ್ನು ಇಳಿಸುತ್ತಾರೆ. ನನ್ನ ಪ್ರಕಾರ ಮಾಡಬೇಕಾದದ್ದು ಇದರ ತದ್ವಿರುದ್ಧ.

24 ಮೆಗಾಪಿಕ್ಸೆಲ್ (ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚುಕ್ಕೆ) ಕ್ಯಾಮೆರಾದ ಲಾರ್ಜ್ ಚಿತ್ರದಲ್ಲಿ 6000 × 4000 ಚುಕ್ಕೆಗಳಿರುತ್ತವೆ. ಒಂದು ಚುಕ್ಕೆಯ ಕೆಂಪು, ಹಸಿರು, ನೀಲಿಗೆ ತಲಾ ಒಂದು ಬೈಟ್ ಎಂದರೂ 72 ಮೆಗಾಬೈಟ್ ಬೇಕು. ಆದರೆ ಚಿತ್ರವನ್ನು ಕುಗ್ಗಿಸಿ ಕಾರ್ಡಿನಲ್ಲಿ ಕೂರಿಸುವ ಜೆಪೆಗ್ ಎಂಬ ಬಗೆಯ ಕಡತ ಫೈನ್‌ನಲ್ಲೂ ಸಾಮಾನ್ಯವಾಗಿ ಹತ್ತು ಹನ್ನೆರಡು ಮೆಗಾಬೈಟ್ ಅಷ್ಟೆ.

ಇದನ್ನು ಸಾಧ್ಯವಾಗಿಸಿದವರಲ್ಲಿ ಮುಖ್ಯರು ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಂದಿಗೆ 1974ರಲ್ಲಿ ಅವರು ಪ್ರಕಟಿಸಿದ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂಬ ಗಣಿತ ವಿಧಾನವೇ 1992ರ ಜೆಪೆಗ್ ಮಾನದಂಡಕ್ಕೆ ತಳಹದಿ. ನಮ್ಮ ಮಕ್ಕಳಿಗೆಲ್ಲ ತಿಳಿದಿರಬೇಕಾದ ಹೆಸರಿದು.

ಜೆಪೆಗ್ ಚಿತ್ರವನ್ನು 8 × 8 ಚುಕ್ಕೆಗಳ ಚೌಕಗಳಾಗಿ ಒಡೆಯುತ್ತದೆ. ಒಂದೊಂದು ಚೌಕದಲ್ಲೂ ಬೆಳಕು ನಿಧಾನವಾಗಿ ಬದಲಾಗುವುದೆಷ್ಟು, ಥಟ್ಟನೆ ಬದಲಾಗುವುದೆಷ್ಟು ಎಂಬುದನ್ನು 64 ಸಂಖ್ಯೆಗಳಲ್ಲಿ ಹಿಡಿದಿಡುತ್ತದೆ. ಅತಿ ಸೂಕ್ಷ್ಮ ಏರಿಳಿತಗಳು ಕಣ್ಣಿಗೆ ಅಷ್ಟಾಗಿ ತಿಳಿಯುವುದಿಲ್ಲವಾದ್ದರಿಂದ ಆ ಸಂಖ್ಯೆಗಳನ್ನು ಒರಟಾಗಿ ಪೂರ್ಣಾಂಕಕ್ಕೆ ಇಳಿಸಲಾಗುತ್ತದೆ. ಎಷ್ಟೋ ಸಂಖ್ಯೆಗಳು ಸೊನ್ನೆಯಾಗುತ್ತವೆ. ಹೀಗೆ ಕಳೆಯುವುದು ಫೈನ್‌ನಲ್ಲಿ ಕಡಿಮೆ, ಬೇಸಿಕ್‌ನಲ್ಲಿ ಧಾರಾಳ.

ದಸರೆಯ ರಾತ್ರಿ ಮೈಸೂರು ಅರಮನೆಯ ದೀಪಾಲಂಕಾರವನ್ನು ಬೇಸಿಕ್‌ನಲ್ಲಿ ತೆಗೆದು, ಕಂಪ್ಯೂಟರ್ ಪರದೆಯಲ್ಲಿ ಹಿಗ್ಗಿಸಿ ನೋಡಿ. ಕಪ್ಪು ಆಕಾಶಕ್ಕೆ ತಾಗಿಕೊಂಡಿರುವ ಬಲ್ಬುಗಳ ಸುತ್ತ ಮಸುಕಾದ ಅಲೆಗಳು, ಅಂಚಿನಲ್ಲಿ ಪುಟ್ಟ ಚೌಕಗಳ ಗುರುತು ಕಾಣತೊಡಗುತ್ತವೆ. ಕತ್ತಲಿನಿಂದ ಬೆಳಕಿಗೆ ಥಟ್ಟನೆ ಜಿಗಿಯುವ ಇಂಥ ಕಡೆಯಲ್ಲೇ ಕೈಬಿಟ್ಟ ಸಂಖ್ಯೆಗಳ ಕೊರತೆ ಎದ್ದು ಕಾಣುವುದು. ಕಳೆದುಹೋದ ಆ ವಿವರವನ್ನು ಮರಳಿ ತರಲು ಸಾಧ್ಯವಿಲ್ಲ.

ಗಾತ್ರ ಇಳಿಸಿದರೆ ಆಗುವ ನಷ್ಟವನ್ನಾದರೋ ಮೊದಲೇ ಲೆಕ್ಕ ಹಾಕಬಹುದು. ಇಂಚಿಗೆ 300 ಚುಕ್ಕೆಗಳಂತೆ ಮುದ್ರಿಸಿದರೆ 6 × 4 ಇಂಚಿನ ಫೋಟೋಗೆ 1800 × 1200 ಚುಕ್ಕೆ ಸಾಕು. ಎ4 ಹಾಳೆಗೂ ಒಂಬತ್ತು ಮೆಗಾಪಿಕ್ಸೆಲ್ ದಾಟುವುದಿಲ್ಲ. ಆದ್ದರಿಂದ ಮನೆಯ ಸಮಾರಂಭಕ್ಕೆ ‘ಮೀಡಿಯಂ, ಫೈನ್’ ಧೈರ್ಯವಾಗಿ ಇಟ್ಟುಕೊಳ್ಳಿ.

ರಂಗನತಿಟ್ಟಿನಲ್ಲಿ ದೂರದ ಕೊಂಬೆಯ ಮೇಲಿನ ಕೊಕ್ಕರೆಯನ್ನು ಸೆರೆಹಿಡಿಯುವಾಗ ಮಾತ್ರ ಲಾರ್ಜ್ ಬೇಕೇ ಬೇಕು. ಮನೆಗೆ ಬಂದು ಚಿತ್ರದ ಕಾಲುಭಾಗವನ್ನಷ್ಟೇ ಕತ್ತರಿಸಿಕೊಂಡರೂ ಆಗ ಆರು ಮೆಗಾಪಿಕ್ಸೆಲ್ ಉಳಿದಿರುತ್ತದೆ.