ಪೆರು: ಕಡಲ ಮಗ್ಗುಲಲ್ಲೇ ಮರುಭೂಮಿ

ಪೆರು ದೇಶವನ್ನು ಪಶ್ಚಿಮದಿಂದ ಪೂರ್ವಕ್ಕೆ ಮೂರು ಪಟ್ಟಿಗಳಾಗಿ ನೆನಪಿಟ್ಟುಕೊಳ್ಳುವುದು ಸುಲಭ: ಪೆಸಿಫಿಕ್ ಅಂಚಿನ ಕಿರಿದಾದ ಒಣ ಕರಾವಳಿ, ನಡುವೆ ಆಂಡಿಸ್ ಪರ್ವತಸೀಮೆ, ಅದರಾಚೆ ಅಮೆಜಾನ್ ಕಾಡು. ವಿಸ್ತೀರ್ಣ ಸುಮಾರು 12.85 ಲಕ್ಷ ಚದರ ಕಿ.ಮೀ.; ಅತಿ ಎತ್ತರದ ಶಿಖರ ಹುವಾಸ್ಕರಾನ್, 6,768 ಮೀಟರ್.

ಓದುವಾಗ ನಾನು ಎಡವಿದ್ದು ಈ ಕರಾವಳಿಯ ವಿಷಯದಲ್ಲಿ. ಸಮಭಾಜಕ ವೃತ್ತದಿಂದ ಬೆಂಗಳೂರು ಉತ್ತರಕ್ಕೆ ಎಷ್ಟು ದೂರವಿದೆಯೋ, ರಾಜಧಾನಿ ಲಿಮಾ ಹೆಚ್ಚುಕಡಿಮೆ ಅಷ್ಟೇ ದೂರ ದಕ್ಷಿಣಕ್ಕಿದೆ. ಎದುರಿಗೆ ಸಾಗರ, ಬೆನ್ನಿಗೆ ಪರ್ವತ. ಆಗುಂಬೆಯ ಲೆಕ್ಕದಲ್ಲಿ ಮಳೆ ಸುರಿಯಬೇಕಿತ್ತು. ಆದರೆ ಅಲ್ಲಿ ವರ್ಷಕ್ಕೆ ಎರಡು ಸೆಂಟಿಮೀಟರ್ ಮಳೆಯೂ ಬೀಳುವುದಿಲ್ಲ. ಇಲ್ಲಿ ಮಳೆ ಏಕಿಲ್ಲ ಎಂಬ ಅಭ್ಯಾಸದ ಪ್ರಶ್ನೆಗೆ ನಾನು ‘ಮಳೆನೆರಳು’ ಎಂದಷ್ಟೇ ಬರೆದು ಅರ್ಧ ಅಂಕ ಪಡೆದೆ. ಅಟ್ಲಾಂಟಿಕ್ ಕಡೆಯಿಂದ ಬರುವ ವಾಣಿಜ್ಯ ಮಾರುತಗಳು ಆಂಡಿಸ್‌ನ ಪೂರ್ವದ ಇಳಿಜಾರಿನಲ್ಲೇ ಮಳೆ ಸುರಿಸಿ ಪಶ್ಚಿಮಕ್ಕೆ ಒಣಗಿ ಇಳಿಯುತ್ತವೆ ಎಂಬುದು ನಿಜ. ಎದುರಿಗಿರುವ ಪೆಸಿಫಿಕ್ ಏಕೆ ಮಳೆ ಕೊಡುವುದಿಲ್ಲ ಎಂಬುದಕ್ಕೆ ಮಾತ್ರ ಅದು ಉತ್ತರವಲ್ಲ.

ಉತ್ತರವಿರುವುದು ಈ ಕಡಲಲ್ಲಿ ದಡದುದ್ದಕ್ಕೂ ಹರಿಯುವ ಹಂಬೋಲ್ಟ್ ಶೀತಪ್ರವಾಹದಲ್ಲಿ. ದಕ್ಷಿಣದಿಂದ ಬರುವ ಈ ನೀರು ಮೊದಲೇ ತಣ್ಣಗಿರುತ್ತದೆ. ಜೊತೆಗೆ, ದಡದುದ್ದಕ್ಕೂ ಬೀಸುವ ಗಾಳಿಯಿಂದ ಮೇಲ್ಪದರದ ನೀರು ದೂರ ಸರಿದು, ಆಳದ ಇನ್ನೂ ತಣ್ಣನೆಯ ನೀರು ಮೇಲೆ ಬರುತ್ತದೆ. ಸಾಮಾನ್ಯವಾಗಿ ನೆಲದ ಬಳಿಯ ಗಾಳಿ ಬಿಸಿಯಾಗಿ, ಹಗುರಾಗಿ, ಮೇಲೇರಿ, ತಣಿದು ಮಳೆಯಾಗುತ್ತದೆ. ಲಿಮಾದಲ್ಲಿ ಇದು ತಲೆಕೆಳಗು: ಕೆಳಗೆ ತಣ್ಣನೆಯ ಭಾರದ ಗಾಳಿ, ಅದರ ಮೇಲೆ ಮುಚ್ಚಳದಂತೆ ಬೆಚ್ಚನೆಯ ಗಾಳಿ. ನೀರಾವಿ ಧಾರಾಳವಾಗಿದ್ದರೂ ಮೇಲೇರಲು ದಾರಿಯಿಲ್ಲ. ಆರ್ದ್ರತೆ ಹೆಚ್ಚಿದ್ದಲ್ಲಿ ಮಳೆಯೂ ಹೆಚ್ಚು ಎಂದುಕೊಂಡದ್ದೇ ನನ್ನ ತಪ್ಪು. ಆವಿ ಇದ್ದರೆ ಸಾಲದು, ಅದು ಏರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಗರದ ಮೇಲೆ ಬೂದುಬಣ್ಣದ ಮೋಡ ಕವಿದಿರುತ್ತದೆ. ‘ಗರೂವಾ’ ಎಂಬ ತುಂತುರು ಬಟ್ಟೆಯನ್ನು ತೇವಗೊಳಿಸುತ್ತದೆಯೇ ಹೊರತು ಬೀದಿಯಲ್ಲಿ ಹರಿಯುವುದಿಲ್ಲ. ಸುತ್ತಲಿನ ಗುಡ್ಡಗಳಲ್ಲಿ ಕೆಲವೆಡೆ ಬಲೆ ಕಟ್ಟಿ, ಮಂಜಿನ ಹನಿಗಳನ್ನು ಅದರ ಬುಡದ ತೊಟ್ಟಿಗೆ ಇಳಿಸಿ, ಆ ನೀರನ್ನು ಗಿಡಗಳಿಗೆ ಬಳಸುತ್ತಾರೆ.

ಕೆಲವು ವರ್ಷ ಇದೇ ಕಡಲು ಬಿಸಿಯಾಗುವುದನ್ನು ‘ಎಲ್ ನಿನೊ’ ಎನ್ನುತ್ತಾರೆ; ಮೇಲಿನ ವಿವರಣೆಗೆ ಅದು ತಾಳೆಯಾಗುತ್ತದೆ. ಕಡಲು ಬಿಸಿಯಾದ 1982–83 ಮತ್ತು 1997–98ರಲ್ಲಿ ಪೆರುವಿನ ಉತ್ತರ ಕರಾವಳಿಯಲ್ಲಿ ಪ್ರವಾಹವೇ ಬಂದಿತು. ತಣ್ಣೀರು ತರುವ ಪೋಷಕಾಂಶ ತಪ್ಪಿ ಆಂಚೊವಿ ಮೀನಿನ ಸಂಖ್ಯೆ ಕುಸಿಯುವುದೂ ಇಂಥ ವರ್ಷಗಳಲ್ಲೇ. ಬೆಚ್ಚನೆಯ ನೀರು ಕ್ರಿಸ್‌ಮಸ್ ಆಸುಪಾಸಿನಲ್ಲಿ ಕಾಣಿಸುತ್ತಿದ್ದುದರಿಂದ ಅಲ್ಲಿನ ಮೀನುಗಾರರು ಅದಕ್ಕೆ ಬಾಲಯೇಸುವಿನ ಹೆಸರಿಟ್ಟರು. ಎಲ್ ನಿನೊ ಬಂದರೆ ನಮ್ಮ ಮುಂಗಾರು ಕೈಕೊಟ್ಟೇ ಕೊಡುತ್ತದೆ ಎಂದು ಬರೆಯಬೇಡಿ; 1997ರಲ್ಲಿ ಭಾರತದ ಮುಂಗಾರು ವಾಡಿಕೆಯಷ್ಟೇ ಇತ್ತು.

ಪೆರುವಿನ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇರುವುದು ಈ ಒಣ ಕರಾವಳಿಯಲ್ಲೇ. ಸುಮಾರು ಒಂದು ಕೋಟಿ ಜನರ ಲಿಮಾ ನಗರವನ್ನು ಸಾಕುತ್ತಿರುವುದು ಮುಖ್ಯವಾಗಿ ಆಂಡಿಸ್‌ನಿಂದ ಇಳಿಯುವ ರಿಮಾಕ್ ನದಿ. ಆಂಡಿಸ್‌ನ ಎತ್ತರದ ಸೀಮೆಯಲ್ಲಿ ಕೆಚುವಾ, 3,812 ಮೀಟರ್ ಎತ್ತರದ ಟಿಟಿಕಾಕಾ ಸರೋವರದ ಬಳಿ ಐಮಾರಾ ಭಾಷೆಗಳು ಬಳಕೆಯಲ್ಲಿವೆ. ಅಲ್ಲಿ ಆಲೂಗಡ್ಡೆಯನ್ನು ರಾತ್ರಿಯ ಹಿಮಕ್ಕೆ ಹರವಿ, ಹಗಲಲ್ಲಿ ಕಾಲಿನಿಂದ ತುಳಿದು ನೀರು ಹಿಂಡಿ, ಒಣಗಿಸಿದರೆ ವರ್ಷಗಟ್ಟಲೆ ಕೆಡದ ‘ಚುನ್ಯೊ’ ಸಿದ್ಧವಾಗುತ್ತದೆ. ಅಮೆಜಾನ್ ಕಾಡು ದೇಶದ ಅರ್ಧಕ್ಕೂ ಹೆಚ್ಚು ನೆಲವನ್ನು ಆವರಿಸಿದ್ದರೂ ಜನವಸತಿ ವಿರಳ. ಅಲ್ಲಿನ ದೊಡ್ಡ ನಗರ ಇಕಿಟೋಸ್‌ಗೆ ಲಿಮಾದಿಂದ ರಸ್ತೆಯೇ ಇಲ್ಲ, ವಿಮಾನ ಹತ್ತಬೇಕು, ಇಲ್ಲವೇ ನದಿಯಲ್ಲಿ ದೋಣಿ ಹಿಡಿಯಬೇಕು.