ಸ್ಮೋಕರ್ ಹಿತ್ತಲಲ್ಲಿ, ನಾನು ಮಂಚದ ಮೇಲೆ: ಯಾವ ಥರ್ಮಾಮೀಟರ್ ಕೊಳ್ಳಲಿ?

ಪ್ರಶ್ನೆ: ನಾವಿರುವುದು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. ಹೋದ ತಿಂಗಳು ಇದ್ದಿಲಿನ ಸ್ಮೋಕರ್ (ಹೊಗೆಯಲ್ಲಿ ಮಾಂಸ ಬೇಯಿಸುವ ಮುಚ್ಚಳದ ಒಲೆ) ಕೊಂಡೆ. ಹಂದಿಯ ಭುಜದ ಮಾಂಸವನ್ನು ರಾತ್ರಿಯಿಡೀ ಹೊಗೆಯಲ್ಲಿ ಬೇಯಿಸುವ ಆಸೆ. ಆದರೆ ಗಂಟೆಗೊಮ್ಮೆ ಎದ್ದು ಹಿತ್ತಲಿಗೆ ಓಡುವುದು ನನ್ನ ಕೈಲಾಗದು. ವೈರ್‌ಲೆಸ್ ಥರ್ಮಾಮೀಟರ್ ನೋಡಿದರೆ ಒಂದು 300 ಅಡಿ ದೂರ ಸಿಗ್ನಲ್ ಮುಟ್ಟಿಸುತ್ತೇನೆ ಅನ್ನುತ್ತದೆ, ಇನ್ನೊಂದು 500 ಅಡಿ, ಮತ್ತೊಂದು ಎಷ್ಟು ದೂರವಾದರೂ ಸರಿ ಅನ್ನುತ್ತದೆ. ಯಾವುದನ್ನು ನಂಬಲಿ? ಹಾಗೇ, ಬೆಂಗಳೂರಿನ ಭಾವನಿಗೂ ಒಂದು ಒಯ್ಯಬಹುದಾ?

ಉತ್ತರ: ಅಡಿ ಲೆಕ್ಕವನ್ನು ಪಕ್ಕಕ್ಕಿಡಿ. ಡಬ್ಬಿ ಮೇಲಿನ ದೂರವೆಲ್ಲ ಬಟಾಬಯಲಿನ ಲೆಕ್ಕ, ನಡುವೆ ಗೋಡೆಯಿಲ್ಲ, ಗಿಡವಿಲ್ಲ. ಕೊಳ್ಳುವ ಮುಂಚೆ ಕೇಳಬೇಕಾದ್ದು ಬೇರೆ. ಸಿಗ್ನಲ್ ಕಡಿದುಹೋದರೆ ಇದು ಕೂಗಿ ಎಬ್ಬಿಸುತ್ತದೆಯೋ, ಸುಮ್ನೆ ಕೂತಿರುತ್ತದೆಯೋ?

ಈ ಬುದ್ಧಿ ನನಗೆ ಬಂದದ್ದು ಒಂಬತ್ತು ಪೌಂಡ್ ಮಾಂಸ ಕಸದ ಬುಟ್ಟಿ ಸೇರಿದ ಮೇಲೆ. ನನ್ನ ಮೊದಲ ಥರ್ಮಾಮೀಟರ್ ಬ್ಲೂಟೂತ್‌ನದು. ಡಬ್ಬಿ ಮೇಲೆ 200 ಅಡಿ ಅಂತಿತ್ತು. ಸ್ಮೋಕರ್‌ಗೂ ನನ್ನ ಮಂಚಕ್ಕೂ ಹೆಚ್ಚೆಂದರೆ 40 ಅಡಿ. ರಾತ್ರಿ ಒಂದು ಗಂಟೆಗೆ ಫೋನ್ ನೋಡಿದೆ, 238 ಡಿಗ್ರಿ ಫ್ಯಾರನ್‌ಹೀಟ್. ಆಹಾ ಅಂದುಕೊಂಡು ಮಲಗಿದೆ. ಐದೂವರೆಗೆ ಎದ್ದು ನೋಡಿದರೆ ಆಗಲೂ 238. ಬೆಂಕಿ ಕಟ್ಟುವುದರಲ್ಲಿ ನಾನು ಪಳಗಿಬಿಟ್ಟೆ ಅನ್ನಿಸಿತು. ಕಾಫಿ ಬೆರೆಸಿಕೊಂಡು, ಲೋಟ ಹಿಡಿದೇ ಹಿತ್ತಲಿಗೆ ಹೋದೆ. ಬಾಗಿಲು ದಾಟಿದ್ದೇ ಜೇಬಿನಲ್ಲಿ ಫೋನ್ ಟಿಂಗ್ ಅಂದಿತು. 238 ಹೋಗಿ 94 ಬಂದಿತ್ತು. ಮುಚ್ಚಳದ ಮೇಲೆ ಅಂಗೈ ಇಟ್ಟೆ. ಇಡಲು ಆಗುತ್ತಿತ್ತು, ಅದೇ ತೊಂದರೆ. ಬೆಂಕಿ ಯಾವಾಗಲೋ ಆರಿತ್ತು. ಮನೆಯೊಳಗೆ ಫೋನಿನಲ್ಲಿ ನೋಡಿದ್ದ 238 ಕಪ್ಪಗಿರಲಿಲ್ಲ, ತೆಳು ಬೂದು ಬಣ್ಣದಲ್ಲಿತ್ತು ಅನ್ನುವುದು ಆಗ ನೆನಪಾಯಿತು. ಸಂಪರ್ಕ ತಪ್ಪಿದೆ, ಇದು ಕೊನೆಯ ಸಲ ಸಿಕ್ಕ ಅಂಕಿ ಅಂತ ಆ ಆ್ಯಪ್ ಹೇಳುವ ರೀತಿ ಅದು. ನಿದ್ದೆಗಣ್ಣಿನಲ್ಲಿ ಬೂದು ಯಾವುದು ಕಪ್ಪು ಯಾವುದು ಅಂತ ಯಾರು ನೋಡುತ್ತಾರೆ?

ಮಾಂಸದ ಒಳಗೆ 110 ಡಿಗ್ರಿ ಇತ್ತು. 40ರಿಂದ 140 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 4ರಿಂದ 60 ಸೆಲ್ಸಿಯಸ್, ಅಪಾಯದ ವಲಯ ಅನ್ನುತ್ತದೆ ಅಮೆರಿಕದ ಕೃಷಿ ಇಲಾಖೆ. ಆಹಾರವನ್ನು ಅಲ್ಲಿ ಎರಡು ಗಂಟೆಗಿಂತ ಜಾಸ್ತಿ ಬಿಡಬಾರದು. ನನ್ನದು ಎಷ್ಟು ಹೊತ್ತು ಹಾಗಿತ್ತು ಅಂತ ಹೇಳುವವರೇ ಇರಲಿಲ್ಲ. ಎಸೆದೆ.

40 ಅಡಿಯೂ ಯಾಕೆ ತಲುಪಲಿಲ್ಲ? ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಈ ಅಲೆಗಳು ಇಟ್ಟಿಗೆ ಗೋಡೆಯಲ್ಲಿ ಸೊರಗುತ್ತವೆ, ನೀರಿನಲ್ಲಿ ಇನ್ನೂ ಜಾಸ್ತಿ. ಮನುಷ್ಯನ ಮೈಯೂ ನೀರೇ ಅಲ್ವಾ, ಹಾಗಾಗಿ ನೀವು ಮಗ್ಗುಲು ಬದಲಿಸಿ ಫೋನಿಗೆ ಅಡ್ಡ ಬಂದರೂ ಸಿಗ್ನಲ್ ಕುಗ್ಗಬಹುದು. ನನ್ನ ಮನೆಯಲ್ಲಿ ದಾರಿಗೆ ಅಡ್ಡ ಫ್ರಿಜ್ ಬೇರೆ ನಿಂತಿತ್ತು. ಡಬ್ಬಿಯ ಅಂಕಿಯಲ್ಲಿ ಕಾಲು ಭಾಗ ಸಿಕ್ಕರೆ ಪುಣ್ಯ ಅಂತ ಈಗ ನಾನು ಲೆಕ್ಕ ಹಾಕುತ್ತೇನೆ. ಅವತ್ತು ಅದೂ ಸಿಗಲಿಲ್ಲ.

ನಿಮ್ಮ ಕೆಲಸಕ್ಕೆ ನಾನು ಹೇಳುವುದು ರೇಡಿಯೋ ಥರ್ಮಾಮೀಟರ್. ಸ್ಮೋಕರ್ ಪಕ್ಕ ಒಂದು ಟ್ರಾನ್ಸ್‌ಮಿಟರ್, ನಿಮ್ಮ ದಿಂಬಿನ ಪಕ್ಕ ಒಂದು ಪುಟ್ಟ ರಿಸೀವರ್. ಫೋನ್ ಬೇಡ, ಆ್ಯಪ್ ಬೇಡ, ಪಾಸ್‌ವರ್ಡ್ ಬೇಡ. ಥರ್ಮೋಪ್ರೋ ಟಿಪಿ20, ಥರ್ಮೋವರ್ಕ್ಸ್ ಸ್ಮೋಕ್ ಈ ಜಾತಿಯವು. ಇವು ಸಾಮಾನ್ಯವಾಗಿ 433 ಅಥವಾ 915 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮಾತಾಡುತ್ತವೆ. ಆ ಉದ್ದನೆಯ ಅಲೆಗಳು ಗೋಡೆ ದಾಟುವುದರಲ್ಲಿ ಬ್ಲೂಟೂತ್‌ಗಿಂತ ಗಟ್ಟಿ. ನೋಡಲು ಹಳೇ ಕಾಲದ ಪೇಜರ್ ಥರ ಇರುತ್ತವೆ, ಅಂದಚಂದ ಕೇಳಬೇಡಿ.

ತಂದ ದಿನವೇ ಒಂದು ಪರೀಕ್ಷೆ ಮಾಡಿ. ಟ್ರಾನ್ಸ್‌ಮಿಟರ್ ಅನ್ನು ಸ್ಮೋಕರ್ ಇರುವ ಜಾಗದಲ್ಲೇ ಇಟ್ಟು, ರಿಸೀವರ್ ಅನ್ನು ಮಂಚದ ಪಕ್ಕ ಇಡಿ. ಎಲ್ಲ ಬಾಗಿಲು ಮುಚ್ಚಿ. ಅರ್ಧ ಗಂಟೆ ಅಂಕಿ ಬದಲಾಗುತ್ತಿದೆಯಾ ನೋಡಿ. ಆಮೇಲೆ ಮನೆಯವರಿಗೆ ಹೇಳಿ ಟ್ರಾನ್ಸ್‌ಮಿಟರ್ ಆಫ್ ಮಾಡಿಸಿ, ಗಡಿಯಾರ ನೋಡುತ್ತಾ ಕೂರಿ. ಒಂದೆರಡು ನಿಮಿಷದಲ್ಲಿ ರಿಸೀವರ್ ಕೂಗಿದರೆ ಇಟ್ಟುಕೊಳ್ಳಿ. ಐದು ನಿಮಿಷವಾದರೂ ಹಳೇ ಅಂಕಿ ತೋರಿಸುತ್ತಾ ಸುಮ್ಮನಿದ್ದರೆ ಮಾರನೇ ದಿನ ಅಂಗಡಿಗೆ ವಾಪಸ್. ಕೂಗಿನ ಜೋರೂ ನೋಡಿ. ಅಡುಗೆಮನೆಯಲ್ಲಿ ಕೇಳುವ ಪೀಂ ಪೀಂ ಬೆಳಗಿನ ಜಾವ ಮೂರಕ್ಕೆ ಹೊದಿಕೆಯೊಳಗೆ ಕೇಳುವುದಿಲ್ಲ.

ಇನ್ನು ಎಷ್ಟು ದೂರವಾದರೂ ಸರಿ ಅನ್ನುವವು ವೈಫೈನವು. ಫೈರ್‌ಬೋರ್ಡ್, ಥರ್ಮೋವರ್ಕ್ಸ್ ಸಿಗ್ನಲ್ಸ್ ಈ ಸಾಲಿನವು. ಮಗಳನ್ನು ಭರತನಾಟ್ಯ ಕ್ಲಾಸಿಗೆ ಬಿಟ್ಟು ಕಾರಿನಲ್ಲಿ ಕೂತು ಸ್ಮೋಕರ್ ನೋಡಬೇಕು ಅಂದರೆ ಇವೇ ಸರಿ. ಇಡೀ ರಾತ್ರಿಯ ಗ್ರಾಫ್ ಕೂಡ ಸಿಗುತ್ತದೆ. ಆದರೆ ನಿಮ್ಮ ರೌಟರ್ ಹಿತ್ತಲಿನ ಮೂಲೆಯವರೆಗೆ ಮುಟ್ಟಬೇಕು, ಇಂಟರ್‌ನೆಟ್ ನಿಲ್ಲಬಾರದು, ಕಂಪನಿಯ ಸರ್ವರ್ ಮಲಗಬಾರದು. ಫೋನನ್ನು ರಾತ್ರಿ ಸೈಲೆಂಟ್‌ಗೆ ಹಾಕುವ ಅಭ್ಯಾಸವಿದ್ದರೆ ಆ ಆ್ಯಪ್ ಒಂದಕ್ಕೆ ಮಾತ್ರ ವಿನಾಯಿತಿ ಕೊಡುವುದನ್ನು ಮರೆಯಬೇಡಿ.

ತಂತಿಯೇ ಇಲ್ಲದ ಪ್ರೋಬ್‌ಗಳ, ಅಂದರೆ ಬಿಸಿ ಅಳೆಯುವ ಕಡ್ಡಿಗಳ ಬಗ್ಗೆಯೂ ಒಂದು ಮಾತು. 2015ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಹಣ ಕೂಡಿಸಿ ಬಂದ ಮೀಟರ್ (MEATER) ಅನ್ನುವ ಕಡ್ಡಿ ಇವುಗಳಲ್ಲಿ ಹೆಸರುವಾಸಿ. ಬ್ಯಾಟರಿ, ಆಂಟೆನಾ ಎಲ್ಲ ಕಡ್ಡಿಯೊಳಗೇ. ತಿರುಗುವ ಸಲಾಕೆಗೆ ಕೋಳಿ ಸಿಕ್ಕಿಸಿ ಸುಡುವವರಿಗೆ ಇದು ವರ, ತಂತಿ ಸುತ್ತಿಕೊಳ್ಳುವ ರಗಳೆಯಿಲ್ಲ. ನಿಮ್ಮ ಕೆಲಸಕ್ಕೆ ನನಗೆ ಅಷ್ಟು ಇಷ್ಟವಿಲ್ಲ. ಸಿಗ್ನಲ್ ಹೊರಡುವುದೇ ನೀರು ತುಂಬಿದ ಮಾಂಸದ ಬುಡದಿಂದ, ಅದೂ ಉಕ್ಕಿನ ಪೆಟ್ಟಿಗೆಯೊಳಗಿಂದ. ಚಾರ್ಜ್ ಮಾಡುವ ಮರದ ಪೆಟ್ಟಿಗೆಯೇ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರ್ ಆಗುವ ಮಾದರಿ ಬಂದದ್ದು ಇದಕ್ಕೇ. ಮೊದಲ ಮಾದರಿಗೆ ಮಾಂಸದೊಳಗಿನ ಮಿತಿ 100 ಸೆಲ್ಸಿಯಸ್. ಹಂದಿ ಭುಜ ಬೆಂದು ಇಳಿಯುವುದು 96ರ ಹತ್ತಿರ. ಮಿತಿಗೆ ತೀರಾ ಹತ್ತಿರವಾಯಿತು.

ಯಾವುದೇ ಕೊಂಡರೂ ಎರಡು ಪ್ರೋಬ್ ಇರಲೇಬೇಕು. ಒಂದು ಮಾಂಸಕ್ಕೆ, ಒಂದು ಸ್ಮೋಕರ್‌ನ ಒಳಗಿನ ಗಾಳಿಗೆ. ರಾತ್ರಿ ನಿಮ್ಮನ್ನು ಎಬ್ಬಿಸಬೇಕಾದ್ದು ಎರಡನೆಯದು. ಮುಚ್ಚಳದ ಮೇಲಿನ ಗಡಿಯಾರದಂಥ ಮಾಪಕವನ್ನು ನಂಬಬೇಡಿ. ಅದು ಅಳೆಯುವುದು ಮುಚ್ಚಳದ ಗಾಳಿಯನ್ನು, ಮಾಂಸ ಕೂತಿರುವುದು ಕೆಳಗೆ ಜಾಲರಿಯ ಮೇಲೆ. ಎರಡಕ್ಕೂ 25, 50 ಡಿಗ್ರಿ ವ್ಯತ್ಯಾಸ ಬರುವುದುಂಟು. ಗಾಳಿಯ ಪ್ರೋಬನ್ನು ಜಾಲರಿಗೇ ಕ್ಲಿಪ್ ಮಾಡಿ, ಮಾಂಸದಿಂದ ಎರಡು ಇಂಚು ಆಚೆಗೆ. ತೀರಾ ಹತ್ತಿರವಿಟ್ಟರೆ ತಣ್ಣನೆಯ ಮಾಂಸದ ಪಕ್ಕದ ಗಾಳಿಯನ್ನೇ ಅಳೆದು ಕಮ್ಮಿ ತೋರಿಸುತ್ತದೆ. ಅಲಾರಂ ಕೆಳಗೆ 210ಕ್ಕೆ, ಮೇಲೆ 280ಕ್ಕೆ ಇಡಿ. ಹತ್ತು ಡಿಗ್ರಿ ಆಚೀಚೆ ಆದರೂ ಕೂಗುವ ಹಾಗೆ ಇಟ್ಟರೆ ರಾತ್ರಿಯಿಡೀ ಜಾಗರಣೆ. ಮಾಂಸದ ಪ್ರೋಬ್ ದಪ್ಪ ಭಾಗದ ನಡುವೆ ಹೋಗಲಿ, ಮೂಳೆಗೆ ತಾಗದಿರಲಿ.

ಮೊದಲ ಸಲ ಮಾಡುವವರು ಹೆದರುವ ಜಾಗ ಒಂದಿದೆ. ಮಾಂಸ 150, 160ರವರೆಗೆ ಸಲೀಸಾಗಿ ಏರಿ ಅಲ್ಲೇ ನಿಂತುಬಿಡುತ್ತದೆ. ಗಂಟೆಗಟ್ಟಲೆ. ಥರ್ಮಾಮೀಟರ್ ಕೆಟ್ಟಿತು ಅಂತ ಕಿತ್ತು ಚುಚ್ಚುತ್ತಾರೆ. ಕೆಟ್ಟಿಲ್ಲ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುತ್ತದಲ್ಲ, ಇದೂ ಅದೇ. ಮಾಂಸ ಬೆವರುತ್ತದೆ, ಬೆವರು ಆರುವಾಗ ಬಿಸಿಯನ್ನು ಕದಿಯುತ್ತದೆ, ಒಳಗೆ ಕೊಟ್ಟ ಶಾಖಕ್ಕೂ ಹೊರಗೆ ಹೋದದ್ದಕ್ಕೂ ಸರಿಸಮ. ಭೌತವಿಜ್ಞಾನಿ ಗ್ರೆಗ್ ಬ್ಲಾಂಡರ್ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಅವಸರವಿದ್ದರೆ ಫಾಯಿಲ್ ಸುತ್ತಿ, ಬೆವರು ಆರುವುದು ನಿಲ್ಲುತ್ತದೆ. ಇಲ್ಲದಿದ್ದರೆ ಮಲಗಿ. ತಿನ್ನಲು ಸುರಕ್ಷಿತ ಅನ್ನುವುದಕ್ಕೆ ಹಂದಿಯ ಇಡೀ ತುಂಡಿಗೆ 145 ಡಿಗ್ರಿ ಮತ್ತು ಮೂರು ನಿಮಿಷದ ವಿಶ್ರಾಂತಿ ಸಾಕು. ಆದರೆ ಆ ಬಿಸಿಯಲ್ಲಿ ಭುಜವನ್ನು ಕತ್ತಿಯಿಂದ ಕೊಯ್ಯಬೇಕು. ನರ, ಪೊರೆಯೆಲ್ಲ ಕರಗಿ ಬೆರಳಲ್ಲೇ ಬಿಡಿಸಿಕೊಳ್ಳುವಂತಾಗಲು 195ರಿಂದ 205. ಕೊಡಗಿನ ಕಡೆಯವರಾದರೆ ಹಂದಿ ಮಾಂಸದ ತಾಳ್ಮೆಯ ಬಗ್ಗೆ ನಾನು ಹೇಳಬೇಕಿಲ್ಲ. ನೀವಿರುವ ರಾಜ್ಯದಲ್ಲೇ ಲೆಕ್ಸಿಂಗ್ಟನ್ ಊರಿನವರು ಭುಜವನ್ನು ಹಿಕರಿ ಕೆಂಡದ ಮೇಲೆ ಬೇಯಿಸಿ ವಿನೆಗರ್ ಸಾರಿನಲ್ಲಿ ಕೊಡುತ್ತಾರೆ. ಒಂದು ಶನಿವಾರ ಹೋಗಿ ಬನ್ನಿ.

ಪ್ರೋಬ್ ಸರಿ ಹೇಳುತ್ತಿದೆಯಾ ಅಂತ ನೋಡುವುದು ಸುಲಭ. ಲೋಟದ ತುಂಬ ಪುಡಿ ಐಸ್ ಹಾಕಿ, ಸಂದು ತುಂಬುವಷ್ಟು ನೀರು ಹೊಯ್ದು ಕಲಕಿ. 32 ಡಿಗ್ರಿ ಫ್ಯಾರನ್‌ಹೀಟ್ ತೋರಿಸಬೇಕು. ಲೋಟದ ತಳಕ್ಕೆ ತಾಗಿಸಬೇಡಿ. ತೊಳೆಯುವಾಗ ಮಾತ್ರ ಹುಷಾರು: ಕಡ್ಡಿಗೆ ತಂತಿ ಸೇರುವ ಜಾಗಕ್ಕೆ ನೀರು ಇಳಿದರೆ ಆಮೇಲೆ ಅದು ಬಾಯಿಗೆ ಬಂದ ಅಂಕಿ ಹೇಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು. ಒಂದು ಪ್ರೋಬ್ ಹೆಚ್ಚಿಗೆ ಕೊಂಡಿಟ್ಟುಕೊಳ್ಳಿ, ಮೊದಲು ಸಾಯುವುದು ಅದೇ.

ಭಾವನ ವಿಷಯ. 915 ಮೆಗಾಹರ್ಟ್ಸ್‌ನದನ್ನು ಒಯ್ಯಬೇಡಿ. ಅಮೆರಿಕದಲ್ಲಿ ಅದು ಲೈಸೆನ್ಸ್ ಬೇಡದ ಜಾಗ, ಭಾರತದಲ್ಲಿ ಅದರ ಅಕ್ಕಪಕ್ಕವೆಲ್ಲ ಮೊಬೈಲ್ ಕಂಪನಿಗಳದು. ಅಲ್ಲಿ ಇಂಥ ಸಾಧನಗಳಿಗೆ ಆ ಹತ್ತಿರದಲ್ಲಿ ಬಿಟ್ಟಿರುವುದು 865ರ ಆಸುಪಾಸು. ಬ್ಲೂಟೂತ್‌ನದೋ ವೈಫೈನದೋ ಒಯ್ಯಿರಿ, 2.4 ಗಿಗಾಹರ್ಟ್ಸ್ ಎರಡೂ ಕಡೆ ನಡೆಯುತ್ತದೆ. ಮಹಡಿ ಮೇಲೆ ಗ್ರಿಲ್ ಪಕ್ಕವೇ ಕುರ್ಚಿ ಹಾಕಿ ಕೂರುವವರಿಗೆ ಬ್ಲೂಟೂತ್ ಧಾರಾಳ ಸಾಕು. ಸೆಲ್ಸಿಯಸ್‌ಗೆ ಬದಲಿಸಿ ಕೊಡಿ. ಮತ್ತೆ, ಕುದಿಯುವ ನೀರಿನಲ್ಲಿ ಅದ್ದಿ ನೋಡಿದಾಗ 100ರ ಬದಲು 97 ಬಂತು ಅಂತ ಅವರು ಫೋನ್ ಮಾಡಿದರೆ ಗಾಬರಿಯಾಗಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಅಲ್ಲಿ ನೀರು ಕುದಿಯುವುದೇ 97ಕ್ಕೆ.