ಹಾರಾಟದ ದೂರ ಮತ್ತು ಬ್ಲಾಕ್ ಟೈಮ್: ಹಾಗಂದ್ರೆ ಏನು?

ಹುಬ್ಬಳ್ಳಿಯಿಂದ ಮೈಸೂರಿಗೆ ಹಾರಾಟದ ದೂರ ಸುಮಾರು 387 ಕಿ.ಮೀ. ಎಷ್ಟು ಹೊತ್ತು ಬೇಕು ಅಂತ ಕೇಳಿದರೆ ಒಬ್ಬರು ಮುಕ್ಕಾಲು ಗಂಟೆ ಅಂತಾರೆ, ಇನ್ನೊಬ್ಬರು ಒಂದು ಗಂಟೆಗೂ ಜಾಸ್ತಿ ಅಂತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅಳೆಯುತ್ತಿರುವುದು ಮಾತ್ರ ಬೇರೆ ಬೇರೆ.

ಮೊದಲು ದೂರ. ಒಂದು ಗ್ಲೋಬ್ ಮೇಲೆ ಎರಡು ಊರಿನ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಆ ದಾರದ ಉದ್ದವೇ ಹಾರಾಟದ ದೂರ. ರಸ್ತೆ, ಹೊಳೆ, ಘಟ್ಟ ಯಾವುದೂ ಲೆಕ್ಕಕ್ಕಿಲ್ಲ. ವಿಮಾನದವರು ಇದನ್ನೇ ನಾಟಿಕಲ್ ಮೈಲಿಯಲ್ಲಿ ಹೇಳುತ್ತಾರೆ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ., ಹಾಗಾಗಿ ಈ 387 ಕಿ.ಮೀ. ಸುಮಾರು 209 ನಾಟಿಕಲ್ ಮೈಲಿ ಆಗುತ್ತದೆ.

ಇನ್ನು ಸಮಯ. ಇಂಥ ಸಣ್ಣ ನಿಲ್ದಾಣಗಳ ನಡುವೆ ಹೆಚ್ಚಾಗಿ ಓಡಾಡುವುದು ಎಟಿಆರ್ 72, ರೆಕ್ಕೆಯ ಮುಂದೆ ಪಂಕ ತಿರುಗುತ್ತಲ್ಲ, ಅದೇ ವಿಮಾನ. ಮೇಲೇರಿದ ಮೇಲೆ ಗಂಟೆಗೆ ಸುಮಾರು 500 ಕಿ.ಮೀ. ವೇಗ. 387 ಅನ್ನು 500ರಿಂದ ಭಾಗಿಸಿದರೆ 46 ನಿಮಿಷ. ಆ ಮುಕ್ಕಾಲು ಗಂಟೆ ಬಂದದ್ದು ಹೀಗೆ. ಎದುರುಗಾಳಿ 50 ಕಿ.ಮೀ. ಇದ್ದರೆ ಅದೇ 52 ನಿಮಿಷ ಆಗುತ್ತದೆ, ಗಾಳಿ ಹಿಂದಿನಿಂದ ತಳ್ಳಿದರೆ 42.

ಆದರೆ ಟಿಕೆಟ್ ಮೇಲಿರುವುದು ಈ ಲೆಕ್ಕ ಅಲ್ಲ. ಅದು ಬ್ಲಾಕ್ ಟೈಮ್. ಇಳಿಜಾರಿನಲ್ಲಿ ನಿಲ್ಲಿಸಿದ ಲಾರಿಯ ಚಕ್ರಕ್ಕೆ ಕಲ್ಲು ಕೊಡುತ್ತಾರೆ ಅಲ್ವಾ? ನಿಂತ ವಿಮಾನದ ಚಕ್ರಕ್ಕೂ ಹಾಗೇ ಅಡ್ಡ ಕೊಟ್ಟಿರುತ್ತಾರೆ. ಅದನ್ನು ತೆಗೆದು ವಿಮಾನ ಕದಲಿದ ಗಳಿಗೆಯಿಂದ, ಇನ್ನೊಂದು ಊರಲ್ಲಿ ನಿಂತು ಮತ್ತೆ ಅಡ್ಡ ಕೊಡುವವರೆಗಿನ ಹೊತ್ತೇ ಬ್ಲಾಕ್ ಟೈಮ್. ರನ್‌ವೇ ತುದಿಗೆ ಹೋಗುವುದು, ನಿಧಾನವಾಗಿ ಮೇಲೇರುವುದು, ಇಳಿಯುವಾಗ ಸುತ್ತು ಹಾಕುವುದು ಎಲ್ಲ ಇದರಲ್ಲೇ ಸೇರುತ್ತದೆ. ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏರುತ್ತದೆ, ಆದ್ದರಿಂದ ಮೈಸೂರು ದಕ್ಷಿಣಕ್ಕಿದ್ದರೂ ಹುಬ್ಬಳ್ಳಿಯಲ್ಲಿ ಬೇರೆ ದಿಕ್ಕಿಗೆ ಹಾರಿ ಆಮೇಲೆ ತಿರುಗಬೇಕಾಗಬಹುದು. ರನ್‌ವೇ ಪಕ್ಕದಲ್ಲಿ ಉದ್ದಕ್ಕೂ ಟ್ಯಾಕ್ಸಿವೇ, ಅಂದರೆ ವಿಮಾನ ರನ್‌ವೇ ತುದಿಗೆ ಹೋಗಿಬರುವ ದಾರಿ, ಇಲ್ಲದ ಸಣ್ಣ ನಿಲ್ದಾಣಗಳಲ್ಲಂತೂ ರನ್‌ವೇ ಮೇಲೆಯೇ ತುದಿಯವರೆಗೆ ಹೋಗಿ, ಅಲ್ಲಿ ತಿರುಗಿಸಿಕೊಂಡು ಓಟ ಶುರು ಮಾಡಬೇಕು. ದಾರಿ ಚಿಕ್ಕದಾದಷ್ಟೂ ಈ ಮೇಲಿನ ನಿಮಿಷಗಳ ಪಾಲು ದೊಡ್ಡದು. ಹೀಗಾಗಿಯೇ ಇಷ್ಟು ಹತ್ತಿರಕ್ಕೆ ಜೆಟ್ ಬಂದರೂ ಉಳಿಯುವುದು ಕೆಲವೇ ನಿಮಿಷ.

ಟಿಕೆಟ್‌ನಲ್ಲಿ 10 ಗಂಟೆ ಅಂತಿದ್ದರೆ 10ಕ್ಕೆ ವಿಮಾನ ಕದಲುತ್ತದೆ ಅಂತ ಅರ್ಥ. ಬಾಗಿಲು ಅದಕ್ಕೂ ಮುಂಚೆಯೇ ಮುಚ್ಚಿರುತ್ತದೆ. ಊರಿಂದ ಮೊದಲ ಸಲ ವಿಮಾನ ಹತ್ತುವ ಅಪ್ಪ ಅಮ್ಮನಿಗೆ ಇದನ್ನು ದಯವಿಟ್ಟು ಮೊದಲೇ ಹೇಳಿಡಿ.

ಇನ್ನೊಂದು ವಿಷಯ. ಎರಡು ನಿಲ್ದಾಣಗಳ ನಡುವಿನ ದೂರ ಯಾವಾಗಲೂ ಸಿಗುತ್ತದೆ, ಅಲ್ಲಿ ನೇರ ವಿಮಾನ ಇರಲಿ ಬಿಡಲಿ. ನೇರ ವಿಮಾನ ಇಲ್ಲದ ದಿನ ಬೆಂಗಳೂರಲ್ಲಿ ಇಳಿದು ಹತ್ತುವುದಾದರೆ ದೂರ ಸುಮಾರು 530 ಕಿ.ಮೀ. ಆಗುತ್ತದೆ. ಬ್ಲಾಕ್ ಟೈಮ್ ಎರಡು ಸಲ, ನಡುವೆ ಕಾಯುವ ಹೊತ್ತು ಬೇರೆ. ಅಂಥ ದಿನ ರಾತ್ರಿ ರೈಲನ್ನೂ ಒಮ್ಮೆ ನೋಡಿಬಿಡಿ.